ಕಾಸರಗೋಡಿನ ಕನ್ನಡಿಗರ ಮಾತುಕತೆ ಮೊಬೈಲಿಗೆ ಬಂದ ಮೇಲೆ: ಕೇಳುವವರು ಹೆಚ್ಚಾದರೇ, ಕಡಿಮೆಯಾದರೇ?

ಬದಿಯಡ್ಕದ ಓದುಗ

ಕಂಪ್ಯೂಟರ್ ಮತ್ತು ಮೊಬೈಲ್ ಮೂಲಕ ನಡೆಯುವ ಸಂಪರ್ಕದಿಂದ ಸಮಾಜ ಹೇಗೆ ಬದಲಾಗಿದೆ ಎಂಬುದನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಬರಹಗಳು ಬರುತ್ತಿವೆ. ಆದರೆ ಅವುಗಳಲ್ಲಿ ನಮ್ಮ ಗಡಿನಾಡಿನ ಸ್ಥಿತಿ ಕಾಣಿಸುವುದು ಕಡಿಮೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವವರಿಗೆ ಕನ್ನಡದಲ್ಲಿ ಮಾತನಾಡುವ ಸರಕಾರವಿದೆ, ಕನ್ನಡದಲ್ಲಿ ನೋಟೀಸು ಕಳುಹಿಸುವ ಕಚೇರಿಗಳಿವೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ನಮಗೆ ಅಂಥ ವ್ಯವಸ್ಥೆ ತಾನಾಗಿ ಒದಗಲಿಲ್ಲ. ಕನ್ನಡದಲ್ಲಿ ನಾಲ್ಕು ಜನರ ಎದುರು ಮಾತನಾಡುವ ಜಾಗಗಳನ್ನು ನಮ್ಮ ಹಿರಿಯರು ತಾವೇ ಕಟ್ಟಿಕೊಂಡರು. ಊರಿನ ವಾಚನಾಲಯ, ಸಹಕಾರಿ ಸಂಘದ ಜಗಲಿ, ಶಾಲಾ ವಾರ್ಷಿಕೋತ್ಸವ, ತಾಳಮದ್ದಳೆಯ ಕೂಟ, ಮಂಗಳೂರಿನಿಂದ ಬೆಳಗ್ಗಿನ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯ ಓದುಗರ ಅಂಕಣ, ಇವೇ ನಮ್ಮ ಸಾರ್ವಜನಿಕ ಬದುಕಾಗಿದ್ದವು.

ಇವತ್ತು ಆ ಮಾತುಕತೆಯ ಬಹುಪಾಲು ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗಿದೆ. ಕುಟುಂಬದ ಗುಂಪು, ವಾರ್ಡಿನ ಗುಂಪು, ದೇವಸ್ಥಾನದ ಗುಂಪು, ಹಳೆ ವಿದ್ಯಾರ್ಥಿಗಳ ಗುಂಪು, ಅಡಿಕೆ ಬೆಳೆಗಾರರ ಗುಂಪು ಎಂದು ಪ್ರತಿಯೊಬ್ಬರ ಕೈಯಲ್ಲೂ ಹಲವು ಗುಂಪುಗಳಿವೆ. ಅಲ್ಲಿ ದಿನವಿಡೀ ಕನ್ನಡದಲ್ಲಿ ಮಾತು ನಡೆಯುತ್ತದೆ, ಅದು ಸಂತೋಷದ ವಿಷಯವೇ. ಹಿಂದೆ ಬರೆಯಲು ಹಿಂಜರಿಯುತ್ತಿದ್ದ ಗೃಹಿಣಿಯರೂ ಕೂಲಿ ಕಾರ್ಮಿಕರೂ ಇಂದು ಅಲ್ಲಿ ತಮ್ಮ ಅಭಿಪ್ರಾಯ ಹೇಳುತ್ತಾರೆ. ಆದರೂ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಸಂಗತಿ ಬೇರೆ. ನಮ್ಮ ಮಾತು ಹೆಚ್ಚಾಗಿದೆ. ಆ ಗುಂಪಿನ ಹೊರಗಿರುವವರಿಗೆ, ಅಂದರೆ ಪಕ್ಕದ ಪಂಚಾಯತಿನವರಿಗೆ, ತಿರುವನಂತಪುರದ ಅಧಿಕಾರಿಗೆ, ಇಪ್ಪತ್ತು ವರ್ಷಗಳ ಬಳಿಕ ಇಲ್ಲಿನ ಬದುಕನ್ನು ತಿಳಿಯಬಯಸುವ ವಿದ್ಯಾರ್ಥಿಗೆ ಕೇಳಿಸುವ ಮಾತು ಕಡಿಮೆಯಾಗಿದೆ.

1968ರಲ್ಲಿ ಅಮೆರಿಕದ ಲಿಕ್‌ಲೈಡರ್ ಮತ್ತು ಟೇಲರ್ ಎಂಬ ಇಬ್ಬರು ವಿಜ್ಞಾನಿಗಳು, ಕಂಪ್ಯೂಟರ್ ಲೆಕ್ಕ ಹಾಕುವ ಯಂತ್ರವಷ್ಟೇ ಅಲ್ಲ, ಮನುಷ್ಯರ ನಡುವಿನ ಸಂಪರ್ಕ ಸಾಧನವಾಗಲಿದೆ ಎಂದು ಬರೆದರು. ಆಗಿನ್ನೂ ಇಂಟರ್ನೆಟ್ಟಿನ ಪೂರ್ವಜನಾದ ಆರ್ಪಾನೆಟ್ ಕೂಡ ಆರಂಭವಾಗಿರಲಿಲ್ಲ; ಅದು ಚಾಲನೆಗೆ ಬಂದದ್ದು 1969ರಲ್ಲಿ. ಒಂದೇ ಊರಿನಲ್ಲಿ ಇರುವುದರಿಂದಲ್ಲ, ಒಂದೇ ಆಸಕ್ತಿ ಇರುವುದರಿಂದ ಸಮುದಾಯಗಳು ರೂಪುಗೊಳ್ಳುತ್ತವೆ ಎಂದು ಅವರು ಊಹಿಸಿದ್ದರು. ಇದು ಸಮಾಜಕ್ಕೆ ಒಳಿತಾಗುವುದೋ ಕೆಡುಕಾಗುವುದೋ ಎಂಬುದು, ಸಂಪರ್ಕದಲ್ಲಿರುವುದು ಕೆಲವರ ಸವಲತ್ತಾಗುತ್ತದೆಯೋ ಎಲ್ಲರ ಹಕ್ಕಾಗುತ್ತದೆಯೋ ಎಂಬುದನ್ನು ಅವಲಂಬಿಸಿದೆ ಎಂದೂ ಅವರು ಬರೆದಿದ್ದರು. ನಮ್ಮದೇ ಕೇರಳದ ಹೈಕೋರ್ಟು 2019ರ ಸೆಪ್ಟೆಂಬರಿನಲ್ಲಿ, ಹಾಸ್ಟೆಲಿನ ಮೊಬೈಲ್ ನಿರ್ಬಂಧವನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ತೀರ್ಪು ನೀಡಿತು. ಹಕ್ಕು ಬಂದಿದೆ. ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ನಮ್ಮ ಪಾಲಿಗೆ ಹಾಗೆಯೇ ಉಳಿದಿದೆ. ಇದರ ಬಗ್ಗೆ ನಿಮ್ಮೆಲ್ಲರ ಅನುಭವ ತಿಳಿಯಬೇಕೆಂದಿದ್ದೇನೆ.

ಎಣ್ಮಕಜೆಯ ಕೃಷಿಕ

ತಾವು ಬರೆದದ್ದರಲ್ಲಿ ವಾಚನಾಲಯದ ನೆನಪು ನನಗೂ ಪ್ರಿಯವಾದದ್ದೇ. ಆದರೆ ಗುಂಪುಗಳಿಂದ ನಮ್ಮ ಸಾರ್ವಜನಿಕ ಬದುಕು ಕುಗ್ಗಿತು ಎಂಬುದನ್ನು ಒಪ್ಪಲಾರೆ. ಅಡಿಕೆ ಬೆಳೆಗಾರನ ಮಟ್ಟಿಗೆ ಆದ ಬದಲಾವಣೆಯನ್ನು ಹೇಳುತ್ತೇನೆ.

ಹಿಂದೆ ಅಡಿಕೆಯನ್ನು ಗೋಣಿಯಲ್ಲಿ ಕಟ್ಟಿ ಜೀಪಿಗೆ ಹೇರಿ ಪೇಟೆಗೆ ಕೊಂಡುಹೋದ ಮೇಲೆಯೇ ಅಂದಿನ ಧಾರಣೆ ತಿಳಿಯುತ್ತಿತ್ತು. ಅಂಗಡಿಯವರು ಒಂದು ದರ ಹೇಳಿದರೆ, ಬಾಡಿಗೆ ಕೊಟ್ಟು ತಂದ ಮಾಲನ್ನು ಹಿಂದಕ್ಕೆ ಕೊಂಡುಹೋಗುವ ಧೈರ್ಯ ಸಣ್ಣ ಕೃಷಿಕನಿಗೆ ಇರುತ್ತಿರಲಿಲ್ಲ. ಇಂದು ಬೆಳಗ್ಗೆ ಚಹಾ ಕುಡಿಯುವ ಹೊತ್ತಿಗೆ ಹೊಸತು, ಹಳತು, ಡಬ್ಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬಗೆಬಗೆಯ ಧಾರಣೆ ಪುತ್ತೂರು, ವಿಟ್ಲ, ಮಂಗಳೂರು, ಬದಿಯಡ್ಕ ಎಲ್ಲ ಕಡೆಯದೂ ಕೈಗೆ ಬಂದಿರುತ್ತದೆ. ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊದ ದರ ಎಷ್ಟು, ಖಾಸಗಿಯವರ ದರ ಎಷ್ಟು ಎಂದು ಹೋಲಿಸಿ ನೋಡಿ, ಈ ವಾರ ಕೊಡಬೇಕೇ ಅಟ್ಟದಲ್ಲೇ ಇರಿಸಬೇಕೇ ಎಂದು ಮನೆಯಲ್ಲಿಯೇ ತೀರ್ಮಾನಿಸಬಹುದು.

ರೋಗದ ವಿಷಯದಲ್ಲಿಯೂ ಹಾಗೆಯೇ. ಮಳೆಗಾಲದಲ್ಲಿ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಲು ಎರಡು ದಿನದ ಬಿಸಿಲು ಸಿಗುವುದೇ ಕಷ್ಟ. ಯಾವ ಕಡೆ ಮಳೆ ಬಿಟ್ಟಿದೆ, ಮದ್ದು ಬಿಡುವ ಆಳುಗಳು ಎಲ್ಲಿದ್ದಾರೆ ಎಂಬುದು ಗುಂಪಿನಲ್ಲಿ ಗಂಟೆಗಂಟೆಗೆ ತಿಳಿಯುತ್ತದೆ. ಎಲೆಚುಕ್ಕಿ ರೋಗ ನಮ್ಮ ಕಡೆ ಕಾಣಿಸಿಕೊಂಡಾಗ ಸೋಗೆಯ ಚಿತ್ರ ತೆಗೆದು ಹಾಕಿದವರಿಗೆ, ಅದು ಪೋಷಕಾಂಶದ ಕೊರತೆಯಲ್ಲ ಎಂದು ಗುರುತಿಸಿ ಹೇಳಿದವರು ಘಟ್ಟದ ಮೇಲಿನ ಒಬ್ಬ ಕೃಷಿಕರು. ರಾಜ್ಯದ ಗಡಿ ಅಲ್ಲಿ ಅಡ್ಡ ಬರಲಿಲ್ಲ.

ಕೃಷಿಕನೇ ಬರೆಯಬೇಕು ಎಂಬ ಆಲೋಚನೆ ನಮ್ಮ ಭಾಗಕ್ಕೆ ಹೊಸದೂ ಅಲ್ಲ. ‘ಕೃಷಿಕರ ಕೈಗೆ ಲೇಖನಿ’ ಎಂದು ಹೇಳಿಕೊಂಡು 1988ರಲ್ಲಿಯೇ ಪುತ್ತೂರಿನಿಂದ ಅಡಿಕೆ ಪತ್ರಿಕೆ ಹೊರಟಿತ್ತು. ಮೊಬೈಲು ಆ ಕೆಲಸವನ್ನು ಇನ್ನಷ್ಟು ಜನರಿಗೆ ಹಂಚಿದೆ ಎಂದೇ ನಾನು ತಿಳಿದಿದ್ದೇನೆ.

ಮಂಜೇಶ್ವರದ ಶಿಕ್ಷಕಿ

ಕೃಷಿಕರು ಹೇಳಿದ ಪ್ರಯೋಜನ ನಿಜ. ಆದರೆ ಆ ಮಾಹಿತಿ ಅವರಿಗೆ ಓದಲು ಬರುವ ಭಾಷೆಯಲ್ಲಿ ಬಂತು ಎಂಬುದನ್ನು ಗಮನಿಸಬೇಕು. ಕಳೆದ ವರ್ಷ ನಮ್ಮ ಶಾಲೆಯ ಗೇಟಿನ ಬಳಿ ಒಬ್ಬರು ತಾಯಿ ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟು, ಇದರಲ್ಲಿ ಏನು ಬರೆದಿದೆ ಟೀಚರ್ ಎಂದು ಕೇಳಿದರು. ಅವರು ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿಯವರೆಗೆ ಓದಿದವರು, ಬೀಡಿ ಕಟ್ಟುವವರು. ಸಂದೇಶ ಮಲಯಾಳದಲ್ಲಿತ್ತು. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಒಂದು ದಾಖಲೆ ಕಡಿಮೆಯಾಗಿದೆ, ಇಂಥ ದಿನಾಂಕದೊಳಗೆ ಸಲ್ಲಿಸಬೇಕು ಎಂದು ಅದರಲ್ಲಿತ್ತು. ದಿನಾಂಕ ಹಿಂದಿನ ದಿನವೇ ಕಳೆದುಹೋಗಿತ್ತು. ಅಷ್ಟು ದಿನ ಆ ಸಂದೇಶ ಅವರ ಕೈಯಲ್ಲಿಯೇ ಇತ್ತು. ಪರದೆಯ ಮೇಲೆ ಬೆರಳಾಡಿಸುತ್ತ, ಏನೋ ಸರಕಾರದ್ದು ಎಂದು ಗೊತ್ತಾಗಿತ್ತು, ಅಳಿಸಲಿಲ್ಲ, ಇಟ್ಟುಕೊಂಡಿದ್ದೆ ಎಂದರು.

ಕಾಗದದ ಕಾಲದಲ್ಲಿ ಇದೇ ನೋಟೀಸು ಶಾಲೆಗೆ ಬರುತ್ತಿತ್ತು; ನಾವು ಓದಿ, ಕನ್ನಡದಲ್ಲಿ ಬರೆದು, ಮಕ್ಕಳ ಕೈಯಲ್ಲಿ ಕಳುಹಿಸುತ್ತಿದ್ದೆವು. ಈಗ ಸಂದೇಶ ನೇರವಾಗಿ ಫಲಾನುಭವಿಯ ಮೊಬೈಲಿಗೆ ಹೋಗುತ್ತದೆ. ನಡುವೆ ಇದ್ದ ಮನುಷ್ಯರು ಇಲ್ಲವಾದರು. ಉಳಿದವರಿಗೆ ಇದು ವೇಗ. ನಮ್ಮ ತಾಯಂದಿರಿಗೆ ಇದರಿಂದ ಓದಿ ಹೇಳುವವರು ತಪ್ಪಿಹೋದರು.

ಸರಿಯಾಗಿ ನಡೆದದ್ದನ್ನೂ ಹೇಳಬೇಕು. 2020ರ ಜೂನ್ 1ರಂದು, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗಲೇ, ಕೇರಳದಲ್ಲಿ ಫಸ್ಟ್ ಬೆಲ್ ಎಂಬ ಹೆಸರಿನಲ್ಲಿ ವಿಕ್ಟರ್ಸ್ ಎಂಬ ಶೈಕ್ಷಣಿಕ ಟಿವಿ ವಾಹಿನಿಯ ಮೂಲಕ ಪಾಠಗಳು ಆರಂಭವಾದವು. ಕನ್ನಡ ಮಾಧ್ಯಮದ ಮಕ್ಕಳಿಗೆ ಯೂಟ್ಯೂಬಿನ ಮೂಲಕ ಪ್ರತ್ಯೇಕ ಪಾಠಗಳು ಬಂದವು. ಕಾಸರಗೋಡಿನ ಅಧ್ಯಾಪಕರೇ ಅವನ್ನು ತಯಾರಿಸಿದರು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮುಳ್ಳೇರಿಯ ಮೂಲ, ಬೆಂಗಳೂರು ವಾಸ

ಶಿಕ್ಷಕಿಯವರು ಹೇಳಿದ ಘಟನೆಯ ಬಗ್ಗೆ ತಾಂತ್ರಿಕವಾಗಿ ಒಂದು ವಿಷಯ ಸ್ಪಷ್ಟಪಡಿಸಬೇಕು, ಏಕೆಂದರೆ ಇಂಥ ದೂರು ಕೊಟ್ಟಾಗಲೆಲ್ಲ ‘ಸಿಸ್ಟಮ್‌ನಲ್ಲಿ ಕನ್ನಡ ಇಲ್ಲ’ ಎಂಬ ಉತ್ತರ ಸಿಗುತ್ತದೆ.

ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡವೂ ಮಲಯಾಳವೂ ಅದರಲ್ಲಿದ್ದವು. ಎರಡಕ್ಕೂ ತಲಾ 128 ಸ್ಥಾನಗಳು. ಕನ್ನಡದ ಸ್ಥಾನಗಳು ಮುಗಿದ ಕೂಡಲೇ ಮರುಸಂಖ್ಯೆಯಿಂದ ಮಲಯಾಳದ ಸ್ಥಾನಗಳು ಆರಂಭವಾಗುತ್ತವೆ; ನಡುವೆ ಒಂದು ಸಂಖ್ಯೆಯ ಅಂತರವೂ ಇಲ್ಲ. ಮೊಬೈಲಿನ ಸಾಮಾನ್ಯ ಎಸ್ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಸುತ್ತವೆ, ಭಾರತೀಯ ಲಿಪಿಗಳಲ್ಲಿ ಬರೆದರೆ 70 ಮಾತ್ರ. ಆದ್ದರಿಂದ ಇಂಗ್ಲಿಷಿಗಿಂತ ಭಾರತೀಯ ಭಾಷೆಯ ಸಂದೇಶಕ್ಕೆ ಖರ್ಚು ಹೆಚ್ಚು ಎಂಬ ಮಾತು ನಿಜ. ಆದರೆ ಆ 70ರ ಮಿತಿ ಮಲಯಾಳಕ್ಕೂ ಕನ್ನಡಕ್ಕೂ ಒಂದೇ. ಮಲಯಾಳದಲ್ಲಿ ಸಂದೇಶ ಕಳುಹಿಸಬಲ್ಲ ಕಂಪ್ಯೂಟರು ಅದೇ ಖರ್ಚಿನಲ್ಲಿ, ಅದೇ ಉಪಕರಣದಲ್ಲಿ ಕನ್ನಡದಲ್ಲಿಯೂ ಕಳುಹಿಸಬಲ್ಲದು. ಬೇಕಾದದ್ದು ಎರಡೇ. ಫಲಾನುಭವಿಯ ದಾಖಲೆಯಲ್ಲಿ ‘ಯಾವ ಭಾಷೆಯಲ್ಲಿ ತಿಳಿಸಬೇಕು’ ಎಂಬ ಒಂದು ಅಂಕಣ ಇರಬೇಕು, ಮತ್ತು ಪದೇ ಪದೇ ಹೋಗುವ ಸಂದೇಶಗಳ ಕನ್ನಡ ಅನುವಾದವನ್ನು ಒಮ್ಮೆ ಸಿದ್ಧಪಡಿಸಿ ಇಟ್ಟಿರಬೇಕು. ಇದು ಯಂತ್ರದ ಅಡಚಣೆ ಅಲ್ಲವೇ ಅಲ್ಲ. ಯಾರೋ ತೀರ್ಮಾನ ಕೈಗೊಳ್ಳದೆ ಬಿಟ್ಟಿದ್ದಾರೆ, ಅಷ್ಟೆ.

ಬದಿಯಡ್ಕದವರ ಮೂಲ ಪ್ರಶ್ನೆಗೂ ಇಲ್ಲಿ ಒಂದು ಸಂಬಂಧವಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಾವು ನುಡಿ, ಬರಹ, ಶ್ರೀಲಿಪಿ ಎಂದು ಬೇರೆ ಬೇರೆ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಸಂಘಗಳ ವರದಿಗಳು, ಸ್ಮರಣ ಸಂಚಿಕೆಗಳು, ಸಮ್ಮೇಳನದ ಪತ್ರಗಳು ಇಂದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಪರಿವರ್ತಕಗಳಿವೆ, ಆದರೆ ಕೂತು ಪರಿವರ್ತಿಸಿ ಒಪ್ಪ ಮಾಡುವವರು ಬೇಕು.

ಉಪ್ಪಳದವ, ದುಬೈ

ಗುಂಪುಗಳನ್ನು ಮುಚ್ಚಿದ ಕೋಣೆ ಎಂಬಂತೆ ನೋಡುವಾಗ, ಊರು ಬಿಟ್ಟು ಬದುಕುವವರನ್ನೂ ನೆನಪಿಟ್ಟುಕೊಳ್ಳಬೇಕೆಂದು ವಿನಂತಿ. ನನ್ನ ತಂದೆ ಗಲ್ಫಿಗೆ ಬಂದ ಕಾಲದಲ್ಲಿ ಪತ್ರ ತಲಪಲು ವಾರಗಟ್ಟಲೆ ಬೇಕಾಗುತ್ತಿತ್ತು. ಬರೆಯಲು ಬಾರದವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಮರಣದ ಸುದ್ದಿ ಟೆಲಿಗ್ರಾಮಿನಲ್ಲಿ ಬಂದು, ಅದನ್ನು ಓದುವ ಹೊತ್ತಿಗೆ ಊರಿನಲ್ಲಿ ಎಲ್ಲ ಕಾರ್ಯ ಮುಗಿದಿರುತ್ತಿತ್ತು. ಈಗ ನನ್ನ ಮಗಳು ಉಪ್ಪಳದಲ್ಲಿರುವ ಅಜ್ಜಿಯೊಂದಿಗೆ ಬ್ಯಾರಿ ಭಾಷೆಯಲ್ಲಿ ಮುಖ ನೋಡಿಕೊಂಡು ಮಾತನಾಡುತ್ತಾಳೆ. ಇಲ್ಲಿ ವಾಟ್ಸ್ಆ್ಯಪಿನಲ್ಲಿ ಕರೆ ಮಾಡಲು ಅನುಮತಿ ಇಲ್ಲದ್ದರಿಂದ ಬೇರೆ ಆ್ಯಪಿಗೆ ಹಣ ಕೊಡಬೇಕಾಗುತ್ತದೆ, ಆದರೂ ಕೊಡುತ್ತೇವೆ. ಈ ಸಂಪರ್ಕ ಇಲ್ಲದಿದ್ದರೆ ಅವಳಿಗೆ ಬ್ಯಾರಿಯೂ ಬರುತ್ತಿರಲಿಲ್ಲ, ಕನ್ನಡವೂ ಕಿವಿಗೆ ಬೀಳುತ್ತಿರಲಿಲ್ಲ.

2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ಕರ್ನಾಟಕವು ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರು ಎಷ್ಟು ಕಷ್ಟಪಟ್ಟರು ಎಂಬುದು ಎಲ್ಲರಿಗೂ ಗೊತ್ತು. ಚಿಕಿತ್ಸೆಗೆ ತಲಪಲಾಗದೆ ಪ್ರಾಣ ಕಳೆದುಕೊಂಡವರಿದ್ದಾರೆ. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ದಿನಗಳಲ್ಲಿ ಡಯಾಲಿಸಿಸ್ ಎಲ್ಲಿ ಸಿಗುತ್ತದೆ, ಕ್ಯಾನ್ಸರಿನ ಮಾತ್ರೆ ಯಾರ ಮೂಲಕ ತರಿಸಬಹುದು ಎಂದು ಹೇಳಿಕೊಟ್ಟದ್ದು ಈ ಗುಂಪುಗಳೇ. ನಾನು ಸಮುದ್ರದಾಚೆ ಕುಳಿತು ನನ್ನ ಅತ್ತೆಗೆ ಔಷಧಿ ಒದಗಿಸಲು ಸಾಧ್ಯವಾಯಿತು.

ಕುಂಬಳೆಯ ಸಮಾಜ ಕಾರ್ಯಕರ್ತ

ಉಪ್ಪಳದ ಮಿತ್ರರು ಹೇಳಿದ ಆ ದಿನಗಳಲ್ಲಿಯೇ, ಇಂಥ ಮನೆಯವರಿಗೆ ರೋಗ ತಗಲಿದೆ ಎಂದು ಹೆಸರು ಹಿಡಿದು ಸುಳ್ಳು ಸುದ್ದಿ ಹರಡಿದ್ದೂ ಇದೇ ಗುಂಪುಗಳಲ್ಲಿ. ಆ ಮನೆಗೆ ಹಾಲು ಕೊಡುವುದನ್ನು ನಿಲ್ಲಿಸಿದವರಿದ್ದರು.

2018ರ ಏಪ್ರಿಲ್ 16 ಇಲ್ಲಿನ ಹಲವರಿಗೆ ನೆನಪಿರಬಹುದು. ಯಾವ ಪಕ್ಷವೂ ಸಂಘಟನೆಯೂ ಕರೆ ಕೊಡದಿದ್ದರೂ, ಹೆಸರಿಲ್ಲದ ಒಂದು ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಡಿ, ಉತ್ತರ ಕೇರಳದ ಹಲವೆಡೆ ಅಂಗಡಿ ಮುಚ್ಚಿಸುವ, ವಾಹನ ತಡೆಯುವ ಹರತಾಳವಾಗಿ ಬೆಳೆಯಿತು. ಅದೇ ವರ್ಷದ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯನ್ನು ನಂಬಿದ ಜನ ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದರು. ಇಂಥ ಹತ್ಯೆಗಳ ಬಳಿಕವೇ ಭಾರತದಲ್ಲಿ ವಾಟ್ಸ್ಆ್ಯಪ್ ಒಂದು ಸಂದೇಶವನ್ನು ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕಿತು; 2020ರ ಏಪ್ರಿಲಿನಲ್ಲಿ, ಬಹಳ ಬಾರಿ ರವಾನೆಯಾದ ಸಂದೇಶವನ್ನು ಒಮ್ಮೆಗೆ ಒಂದು ಕಡೆಗೆ ಮಾತ್ರ ಕಳುಹಿಸಬಹುದೆಂದು ಬಿಗಿ ಮಾಡಿತು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಆಯಾಮವಿದೆ. ಸಪ್ತಭಾಷೆಗಳ ನಾಡು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಒಂದು ವದಂತಿ ಮಲಯಾಳದಲ್ಲಿ ಹುಟ್ಟಿ, ಯಾರೋ ಅದನ್ನು ಕನ್ನಡಕ್ಕೆ ತಿರುಗಿಸಿ ಹಾಕಿ, ಅಲ್ಲಿಂದ ತುಳುವಿನ ಧ್ವನಿ ಸಂದೇಶವಾಗಿ ಹೊರಡುವಷ್ಟರಲ್ಲಿ ಹೇಳಿದವರು ಯಾರು, ಮೊದಲು ಹೇಳಿದ್ದೇನು ಎಂಬುದು ಕಳೆದುಹೋಗಿರುತ್ತದೆ. ಶಾಂತಿ ಸಭೆ ಸೇರಿದಾಗ, ನಮ್ಮ ಗುಂಪಿನಲ್ಲಿ ಹೀಗೆ ಬಂದಿತ್ತು ಎಂದು ಎರಡೂ ಕಡೆಯವರು ಪ್ರಾಮಾಣಿಕವಾಗಿಯೇ ಹೇಳುವುದನ್ನು ಕೇಳಿದ್ದೇನೆ. ಹಿಂದೆ ವಾಚನಾಲಯದಲ್ಲಿ ಎರಡು ಪಕ್ಷದವರೂ ಒಂದೇ ಪತ್ರಿಕೆಯನ್ನು ಓದಿ ಜಗಳವಾಡುತ್ತಿದ್ದರು. ಈಗ ಅವರು ಓದುವ ಸುದ್ದಿಯೇ ಬೇರೆ ಬೇರೆ.

ಬದಿಯಡ್ಕದ ಓದುಗ

ಎಲ್ಲರ ಮಾತನ್ನೂ ಗಮನವಿಟ್ಟು ಓದಿದೆ. ಉಪ್ಪಳದವರೇ, ಕುಟುಂಬದ ಗುಂಪು ಕುಟುಂಬದ್ದಾಗಿಯೇ ಇರಬೇಕು, ಅದನ್ನು ಯಾರೂ ತೆರೆಯಬೇಕಾಗಿಲ್ಲ. ಕೃಷಿಕರೇ, ಧಾರಣೆ ಮತ್ತು ಮಳೆಯ ಸುದ್ದಿಗೆ ವೇಗವೇ ಮುಖ್ಯ, ನಾಳೆಗೆ ಅದು ಬೇಡ. ನನ್ನ ಚಿಂತೆ ಇರುವುದು ಮೂರನೆಯ ಬಗೆಯ ಮಾತಿನ ಬಗ್ಗೆ. ನಮ್ಮ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದ್ದಾರೆ, ನಮ್ಮ ಊರಿನ ಹೆಸರನ್ನು ಫಲಕದಲ್ಲಿ ಬದಲಿಸಿ ಬರೆದಿದ್ದಾರೆ, ಅರ್ಜಿ ನಮೂನೆ ಕನ್ನಡದಲ್ಲಿ ಇಲ್ಲ ಎಂಬಂಥ ದೂರುಗಳು ಗುಂಪಿನಲ್ಲಿ ಬೆಳಗ್ಗೆ ಏಳುತ್ತವೆ. ನೂರು ಜನ ಬೇಸರ ವ್ಯಕ್ತಪಡಿಸುತ್ತಾರೆ. ಸಂಜೆಯ ಹೊತ್ತಿಗೆ ಯಾರದೋ ಹುಟ್ಟುಹಬ್ಬದ ಶುಭಾಶಯದ ಕೆಳಗೆ ಅವು ಮುಳುಗಿರುತ್ತವೆ. ಹೇಳಿಕೊಂಡ ಸಮಾಧಾನ ಸಿಕ್ಕಿದ್ದರಿಂದ ಅರ್ಜಿ ಬರೆಯುವ ಒತ್ತಡ ಉಳಿಯುವುದಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ನಮ್ಮವರು ಬೀದಿಗಿಳಿದು ಪ್ರತಿಭಟಿಸಿದರು, ಮನವಿ ಕೊಟ್ಟರು. ಆ ಮನವಿಗಳು ದಾಖಲೆಯಾಗಿವೆ. ಗುಂಪಿನಲ್ಲಿ ಆಡಿದ ಮಾತು ಹಾಗೆ ಉಳಿದಿಲ್ಲ.

ಎಣ್ಮಕಜೆಯ ಕೃಷಿಕ

ಈ ವ್ಯತ್ಯಾಸವನ್ನು ತಾವು ಹೀಗೆ ಬಿಡಿಸಿ ಹೇಳಿದ ಮೇಲೆ ನನ್ನ ಊರಿನದೇ ಒಂದು ಸಂಗತಿಯನ್ನು ಹೇಳದೆ ಇರಲಾಗುವುದಿಲ್ಲ. ನಮ್ಮ ಪಂಚಾಯತಿನ ಪಡ್ರೆ ಮತ್ತು ಸುತ್ತಲಿನ ಗೇರು ತೋಟಗಳ ಮೇಲೆ ವರ್ಷಾನುವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದಾಗ, ಜೇನುನೊಣ ಸತ್ತದ್ದು, ಕರುಗಳು ಅಂಗವಿಕಲವಾಗಿ ಹುಟ್ಟಿದ್ದು, ಮಕ್ಕಳಿಗೆ ಕಾಯಿಲೆ ಬಂದದ್ದು ಊರಿನವರಿಗೆಲ್ಲ ಗೊತ್ತಿತ್ತು. ಎಲ್ಲರೂ ಮಾತನಾಡಿಕೊಳ್ಳುತ್ತಿದ್ದರು. ಆದರೆ ಊರಿನ ವೈದ್ಯರು ತಮ್ಮಲ್ಲಿಗೆ ಬರುವ ರೋಗಿಗಳ ವಿವರವನ್ನು ಮನೆ ಮನೆಯ ಲೆಕ್ಕದಲ್ಲಿ ಗುರುತು ಹಾಕಿಕೊಂಡು ಬರೆದದ್ದರಿಂದ, ಇಲ್ಲಿನವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಗಿನ ಜಗತ್ತಿಗೆ ಅರ್ಥವಾಗುವಂತೆ ಬರೆದದ್ದರಿಂದ, ಆ ಮಾತು ಊರಿನ ಗಡಿ ದಾಟಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ, ವಿಷ ರಾಸಾಯನಿಕಗಳನ್ನು ತಡೆಯುವ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಡಂಬಡಿಕೆಯ ಸಭೆ ಆ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಮರುತಿಂಗಳು ಸುಪ್ರೀಂ ಕೋರ್ಟು ಭಾರತದಲ್ಲಿ ಅದರ ಬಳಕೆಯನ್ನು ತಡೆಯಿತು.

ಆಗ ವಾಟ್ಸ್ಆ್ಯಪ್ ಇದ್ದಿದ್ದರೆ ಸುದ್ದಿ ಇನ್ನೂ ಬೇಗ ಹರಡುತ್ತಿತ್ತು ಎಂಬುದು ನಿಜ. ಆದರೆ ಹೆಸರು, ದಿನಾಂಕ, ಮನೆ, ಕಾಯಿಲೆ ಎಂದು ಯಾರಾದರೂ ಕುಳಿತು ಬರೆಯದಿದ್ದರೆ ನ್ಯಾಯಾಲಯದ ಮುಂದೆ ಇಡಲು ಏನೂ ಇರುತ್ತಿರಲಿಲ್ಲ. ಈ ಅಂಶದಲ್ಲಿ ತಮ್ಮ ಜೊತೆಗೆ ನಾನಿದ್ದೇನೆ.

ಹೊಸದುರ್ಗದ ಕನ್ನಡತಿ

ಇಷ್ಟು ಹೊತ್ತು ಓದಿಸಿಕೊಂಡು ಕೇಳುತ್ತಿದ್ದೆ. ಇದನ್ನು ಬಾಯಲ್ಲಿ ಹೇಳಿ ಮಗನಿಂದ ಬರೆಸುತ್ತಿದ್ದೇನೆ. ನಮ್ಮ ಮನೆಮಾತು ಕನ್ನಡ. ಆದರೆ ನನಗೆ ಹತ್ತಿರದಲ್ಲಿ ಸಿಕ್ಕಿದ್ದು ಮಲಯಾಳ ಮಾಧ್ಯಮದ ಶಾಲೆ, ಆದ್ದರಿಂದ ಕನ್ನಡ ಓದಲು ಬರೆಯಲು ಬರುವುದಿಲ್ಲ. ಚಂದ್ರಗಿರಿ ಹೊಳೆಯ ಈಚೆ, ಕಾಸರಗೋಡು ಜಿಲ್ಲೆಯ ದಕ್ಷಿಣ ಭಾಗದಲ್ಲಿ, ನನ್ನಂಥವರು ತುಂಬ ಇದ್ದಾರೆ. ಧ್ವನಿ ಸಂದೇಶ ಬಂದ ಮೇಲೆಯೇ ನಾನು ನನ್ನ ಸಂಬಂಧಿಕರ ಗುಂಪಿನಲ್ಲಿ ಬಾಯಿ ಬಿಟ್ಟದ್ದು. ತಾಳಮದ್ದಳೆಯ ನೇರ ಪ್ರಸಾರ ಬಂದ ಮೇಲೆಯೇ ಇಷ್ಟು ಶುದ್ಧ ಕನ್ನಡ ದಿನವೂ ನನ್ನ ಕಿವಿಗೆ ಬೀಳುತ್ತಿರುವುದು. ಬರೆದದ್ದು ಮಾತ್ರ ಉಳಿಯುತ್ತದೆ, ಬರೆದವರು ಮಾತ್ರ ಲೆಕ್ಕಕ್ಕೆ ಬರುತ್ತಾರೆ ಎಂದು ನೀವು ತೀರ್ಮಾನಿಸಿದರೆ, ನಿಮ್ಮ ಕನ್ನಡದಿಂದಲೂ ನಾನು ಹೊರಗಾಗುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮಂಜೇಶ್ವರದ ಶಿಕ್ಷಕಿ

ಈ ಮಾತನ್ನು ನಾವೆಲ್ಲರೂ ಕೇಳಲೇಬೇಕಾಗಿತ್ತು. ನಮ್ಮ ತರಗತಿಗಳಲ್ಲಿಯೂ ಇದೇ ಸ್ಥಿತಿಯ ಮಕ್ಕಳಿದ್ದಾರೆ. ಅವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚು ಮಾಡುತ್ತಾರೆ, ಏಕೆಂದರೆ ಮೊಬೈಲಿನಲ್ಲಿ ಕನ್ನಡ ಕೀಲಿಮಣೆಯನ್ನು ಹೇಗೆ ತೆರೆಯಬೇಕೆಂದು ಯಾರೂ ತೋರಿಸಿಕೊಟ್ಟಿಲ್ಲ. ಒಂದು ತರಗತಿಯ ಅವಧಿ ಸಾಕು ಅದನ್ನು ಕಲಿಸುವುದಕ್ಕೆ. ಕಲಿಸಿದ ಮೇಲೆ ಒಬ್ಬ ಹುಡುಗ ತನ್ನ ಅಜ್ಜನ ಹೆಸರನ್ನು ಒತ್ತಕ್ಷರದೊಂದಿಗೆ ಪರದೆಯ ಮೇಲೆ ಮೂಡಿಸಿ, ಪಕ್ಕದವನಿಗೆ ತೋರಿಸಿ, ಮತ್ತೆ ಅಳಿಸಿ, ಮತ್ತೆ ಬರೆದ. ಆ ಸಂತೋಷವನ್ನು ಪಠ್ಯಪುಸ್ತಕದ ಯಾವ ಪಾಠವೂ ಅವನಿಗೆ ಕೊಟ್ಟಿರಲಿಲ್ಲ.

ಮುಳ್ಳೇರಿಯ ಮೂಲ, ಬೆಂಗಳೂರು ವಾಸ

ಹೊಸದುರ್ಗದ ಅಕ್ಕನವರ ಮಾತಿಗೆ ತಂತ್ರಜ್ಞಾನದಲ್ಲಿ ಒಂದಿಷ್ಟು ಪರಿಹಾರವಿದೆ. 2017ರಿಂದ ಗೂಗಲ್ ಕೀಲಿಮಣೆಯಲ್ಲಿ ಕನ್ನಡದಲ್ಲಿ ಮಾತನಾಡಿದರೆ ಅದು ಅಕ್ಷರವಾಗಿ ಮೂಡುವ ಸೌಲಭ್ಯವಿದೆ. ನಮ್ಮ ಕಡೆಯ ಉಚ್ಚಾರಕ್ಕೆ ತಪ್ಪುಗಳು ಬರುತ್ತವೆ, ಹವ್ಯಕ ಕನ್ನಡವನ್ನಂತೂ ಅದು ಹಿಡಿಯುವುದೇ ಇಲ್ಲ. ಆದರೂ ಒಬ್ಬರು ಹೇಳಿ ಇನ್ನೊಬ್ಬರು ತಿದ್ದಿದರೆ ಬರಹ ಸಿದ್ಧವಾಗುತ್ತದೆ. ತುಳುವಿಗೂ ದಾರಿ ತೆರೆಯುತ್ತಿದೆ. 2016ರಲ್ಲಿ ತುಳು ವಿಕಿಪೀಡಿಯ ಆರಂಭವಾಯಿತು, 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿತು.

ಧ್ವನಿಯ ದಾಖಲೆಗೆ ಬೆಲೆ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದು ಒಬ್ಬರ ಮೊಬೈಲಿನಲ್ಲಿ ಮಾತ್ರ ಇರಬಾರದು. ನಮ್ಮ ಕಡೆಯ ಒಂದು ಕಲಾ ಸಂಘದ ಹಳೆಯ ತಾಳಮದ್ದಳೆಗಳ ಧ್ವನಿಮುದ್ರಣಗಳೆಲ್ಲ ಒಬ್ಬ ಹಿರಿಯರ ಮೊಬೈಲಿನಲ್ಲಿದ್ದವು. ಅವರು ತೀರಿಕೊಂಡ ಮೇಲೆ ಆ ಮೊಬೈಲಿನ ಗುಪ್ತಸಂಖ್ಯೆ ಯಾರಿಗೂ ಗೊತ್ತಿಲ್ಲ. ಅವುಗಳಲ್ಲಿ ಪಾತ್ರವಹಿಸಿ ಮಾತನಾಡಿದ ಅರ್ಥಧಾರಿಗಳಲ್ಲಿ ಕೆಲವರು ಈಗ ಇಲ್ಲ. ಕನಿಷ್ಠ ಮೂರು ಕಡೆ ಪ್ರತಿ, ಅದರಲ್ಲಿ ಒಂದು ಊರಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಎಂಬ ನಿಯಮವನ್ನು ನಮ್ಮ ಸಂಘಗಳು ಮಾಡಿಕೊಳ್ಳಬೇಕು. 1945ರಿಂದ ಬೆಳೆದುಬಂದ ಗ್ರಂಥಾಲಯ ಚಳವಳಿ ಇರುವ ರಾಜ್ಯದಲ್ಲಿದ್ದೇವೆ. ಆ ಕಟ್ಟಡಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ.

ಬದಿಯಡ್ಕದ ಓದುಗ

ಹೊಸದುರ್ಗದ ತಂಗಿಯವರು ಹೇಳಿದ್ದು ನನ್ನ ವಾದಕ್ಕೆ ಅಗತ್ಯವಾಗಿದ್ದ ತಿದ್ದುಪಡಿ. ಉಳಿಯುವಂತೆ, ಹುಡುಕಿದರೆ ಸಿಗುವಂತೆ ಇರಬೇಕು ಎಂಬುದಷ್ಟೇ ಮುಖ್ಯ; ಅದು ಬಾಯಿಂದ ಬಂದಿತೋ ಕೈಯಿಂದ ಬಂದಿತೋ ಎಂಬುದಲ್ಲ.

ಈ ಚರ್ಚೆಯಿಂದ ಕೂಡಲೇ ಮಾಡಬಹುದಾದ ಒಂದು ಕೆಲಸ ಕಾಣುತ್ತಿದೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ಪತ್ರವ್ಯವಹಾರ ನಡೆಸಬಹುದೆಂದೂ ಉತ್ತರವೂ ಅದೇ ಭಾಷೆಯಲ್ಲಿ ಇರಬೇಕೆಂದೂ ಒಪ್ಪಿಕೊಂಡಿತ್ತು. ಅಂದು ಪತ್ರವ್ಯವಹಾರ ಎಂದರೆ ಕಾಗದ. ಇಂದು ಅದೇ ಪತ್ರ ಮೊಬೈಲಿಗೆ ಬರುವ ಸಂದೇಶವಾಗಿದೆ. ಕಾಗದಕ್ಕೆ ಒಪ್ಪಿದ ಹಕ್ಕನ್ನು ಸಂದೇಶಕ್ಕೂ ಅನ್ವಯಿಸಿರಿ ಎಂದು ನಾವು ಕೇಳಬೇಕು. 70 ಅಕ್ಷರಗಳ ವಿವರವನ್ನೂ, ಭಾಷೆಯ ಅಂಕಣದ ಸಲಹೆಯನ್ನೂ ಮುಳ್ಳೇರಿಯದವರು ಒಂದು ಪುಟದಲ್ಲಿ ಬರೆದುಕೊಟ್ಟರೆ ಮನವಿಯ ಜೊತೆಗೆ ಲಗತ್ತಿಸೋಣ. ಶಾಲೆಯ ಗೇಟಿನ ಬಳಿ ನಡೆದ ಘಟನೆಯನ್ನು, ಆ ತಾಯಿಯ ಒಪ್ಪಿಗೆ ಪಡೆದು, ಹೆಸರಿಲ್ಲದೆ ದಿನಾಂಕದೊಂದಿಗೆ ಶಿಕ್ಷಕಿಯವರು ಬರೆಯಲಿ. ಇಂಥದೇ ಅನುಭವವಿರುವ ಇತರರೂ ದಿನಾಂಕ, ಯಾವ ಅರ್ಜಿ, ಏನು ನಷ್ಟ ಎಂಬುದನ್ನು ಬರೆಯಬೇಕೆಂದು ಕೋರುತ್ತೇನೆ. ಸರಕಾರಿ ಸೇವೆಗಳನ್ನು ಒದಗಿಸುವ ಅಕ್ಷಯ ಕೇಂದ್ರದ ಮೂಲಕ ಆನ್‌ಲೈನಿನಲ್ಲಿ ಒಂದು ಪ್ರತಿ, ಜಿಲ್ಲಾಧಿಕಾರಿಯವರ ಕಚೇರಿಗೆ ಕೈಯಾರೆ ಇನ್ನೊಂದು ಪ್ರತಿ ಸಲ್ಲಿಸೋಣ.

ಎಣ್ಮಕಜೆಯ ಕೃಷಿಕ

ಬೆಳೆ ಪರಿಹಾರದ ಸಂದೇಶಗಳ ವಿಷಯದಲ್ಲಿಯೂ ಇದೇ ತೊಂದರೆ ಇದೆ. ನಮ್ಮ ಗುಂಪಿನಲ್ಲಿ ಕೇಳಿ, ವಿವರಗಳನ್ನು ಹೆಸರು ಮತ್ತು ಸರ್ವೆ ಸಂಖ್ಯೆ ಬಿಟ್ಟು ಕ್ರೋಡೀಕರಿಸಿ ಕೊಡುತ್ತೇನೆ. ಮಾತು ಗುಂಪಿನಲ್ಲಿ ಸಂಗ್ರಹವಾಗಲಿ, ಬರಹ ಹೊರಗೆ ಬರಲಿ.

ಹೊಸದುರ್ಗದ ಕನ್ನಡತಿ

ಮನವಿಯಲ್ಲಿ ಒಂದು ವಾಕ್ಯ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕನ್ನಡದಲ್ಲಿ ಸಂದೇಶ ಕಳುಹಿಸಿದರೂ ನನ್ನಂಥವರಿಗೆ ಓದಲು ಬರುವುದಿಲ್ಲ, ಮಲಯಾಳ ಓದಬಲ್ಲೆನಾದರೂ ನನ್ನ ತಾಯಿಗೆ ಎರಡೂ ಬರುವುದಿಲ್ಲ. ಪಿಂಚಣಿ, ಪಡಿತರ, ಆಸ್ಪತ್ರೆಯ ವಿಷಯಗಳನ್ನು ಮೊಬೈಲಿಗೆ ಕರೆ ಮಾಡಿ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಓದಿ ಹೇಳುವ ವ್ಯವಸ್ಥೆ ಬೇಕು. ಕರೆ ಬಂದಾಗ ಅವಳು ತೆಗೆಯುತ್ತಾಳೆ.

ಬದಿಯಡ್ಕದ ಓದುಗ

ಆ ವಾಕ್ಯವನ್ನು ಮನವಿಯ ಎರಡನೆಯ ಬೇಡಿಕೆಯಾಗಿ ಸೇರಿಸಿದ್ದೇನೆ. ಕರಡನ್ನು ಯೂನಿಕೋಡಿನಲ್ಲಿಯೇ ಬೆರಳಚ್ಚು ಮಾಡಿ, ಯಾರು ಬೇಕಾದರೂ ತೆರೆದು ಓದುವಂತೆ ಹಾಕುತ್ತೇನೆ. ಓದಿ ಹೇಳಿದ ಧ್ವನಿ ಪ್ರತಿಯೊಂದೂ ಅದರ ಜೊತೆಗಿರುತ್ತದೆ. ತಿದ್ದುಪಡಿಗಳನ್ನು ಬರೆದಾದರೂ ಹೇಳಿಯಾದರೂ ಕಳುಹಿಸಿ.